ನೀನು ಮಾಡಿಕೊಟ್ಟ ಚಾಕು

ಆಲ್ದೂರು

ಪ್ರೀತಿಯ ಗೆಳೆಯ,

ಗಣೇಶನ ಹಬ್ಬ ಮುಗಿಯಿತು. ಎರಡು ದಿನದಿಂದ ಮಳೆಯೂ ಸ್ವಲ್ಪ ಬಿಟ್ಟಿದೆ. ಯುಗಾದಿಗೆ ನೀನು ಕೊಟ್ಟ ಚಾಕುವಿನ ಬಗ್ಗೆ ಫೋನಿನಲ್ಲಿ "ಚೆನ್ನಾಗಿದೆ ಮಾರಾಯ" ಅಂದು ಸುಮ್ಮನಾಗಿದ್ದೆ. ಅಷ್ಟು ಸಾಲದು ಅಂತ ಆಗಲೇ ಅನ್ನಿಸಿತ್ತು. ಆದರೆ ಚಾಕು ಹೇಗಿದೆ ಅಂತ ಹೇಳಬೇಕಾದರೆ ಒಂದು ಮಳೆಗಾಲವಾದರೂ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತೋಟ ಸುತ್ತಬೇಕಲ್ವಾ? ಈಗ ಸುತ್ತಿದ್ದೇನೆ. ನಿನ್ನ ಕೆಲಸ ಇನ್ನೂ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ನನ್ನ ಬಲಗೈ ತೋರುಬೆರಳಿನ ಗಾಯದ ಗುರುತು ನೀನು ಮರೆತಿಲ್ಲ ಅಂತ ಚಾಕು ನೋಡಿದ ತಕ್ಷಣ ಗೊತ್ತಾಯಿತು. ಅವತ್ತು ಸಂತೆಯಲ್ಲಿ ತಂದ ಮಡಚುವ ಚಾಕು ಅದು. ಲಾಕ್ ಇರಲಿಲ್ಲ, ಬೆನ್ನಿನ ಸ್ಪ್ರಿಂಗ್ ಒಂದೇ ಆಧಾರ. ಕಾಂಡಕೊರಕ ಹುಳು ಬಿದ್ದ ಅರೇಬಿಕಾ ಕಾಫಿ ಗಿಡದ ಬುಡ ಕೆತ್ತುತ್ತಾ ಹುಳು ಹೋದ ದಾರಿ ನೋಡೋಣ ಅಂತ ಚಾಕುವಿನ ತುದಿಯನ್ನು ಒತ್ತಿ ತಿರುಗಿಸಿದೆ. ಸ್ಪ್ರಿಂಗ್ ಸೋತಿತು, ಅಲಗು ಬೆರಳ ಮೇಲೆ ಮಡಚಿಕೊಂಡಿತು. ಟವೆಲ್ ಸುತ್ತಿ ಬೈಕಿನಲ್ಲಿ ಕೂರಿಸಿಕೊಂಡು ಹೋದವನು ನೀನೇ. ನಾಲ್ಕು ಹೊಲಿಗೆ. ಆಮೇಲೆ ಎಷ್ಟೋ ವರ್ಷ ನಾನು ಮಡಚುವ ಚಾಕು ಮುಟ್ಟಲೇ ಇಲ್ಲ. ಬಳ್ಳಿ ಕತ್ತರಿಸಲೂ ಸೊಂಟದ ಕತ್ತಿಯೇ ಆಯಿತು.

ಅದಕ್ಕೇ ನಾನು ಮೊದಲು ನೋಡಿದ್ದು ಲಾಕ್. ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

ಹಿಡಿಯ ಒಳಗೆ ಎರಡೂ ಕಡೆ ಟೈಟಾನಿಯಂ ತಗಡು ಇದೆ. ಅದರಲ್ಲಿ ಒಂದನ್ನು ಉದ್ದಕ್ಕೆ ಸೀಳಿ, ಸೀಳಿದ ಪಟ್ಟಿಯನ್ನು ಒಳಕ್ಕೆ ಬಾಗಿಸಿದ್ದೀಯ. ನೋಡಲು ನಾಲಿಗೆಯ ಹಾಗಿದೆ. ಚಾಕು ಮಡಚಿರುವಾಗ ಆ ನಾಲಿಗೆ ಅಲಗಿನ ಪಕ್ಕೆಗೆ ಒತ್ತಿಕೊಂಡು ಕಾಯುತ್ತಿರುತ್ತದೆ. ಅಲಗು ಪೂರ್ತಿ ತೆರೆದ ಕೂಡಲೇ ಅದಕ್ಕೆ ಜಾಗ ಸಿಗುತ್ತದೆ. ಟಕ್ ಅಂತ ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ನಮ್ಮ ಹಳೇ ಮನೆಯ ಬಾಗಿಲಿಗೆ ಒಳಗಿಂದ ಅಗುಳಿ ಹಾಕಿದ ಹಾಗೆ. ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಮಾತ್ರ ಮತ್ತೆ ದಾರಿ ಬಿಡುತ್ತದೆ.

ಇಷ್ಟು ಕೇಳಿದರೆ ಸುಲಭ ಅನ್ನಿಸುತ್ತದೆ. ಕಷ್ಟ ಇರುವುದು ನಾಲಿಗೆ ಮತ್ತು ಬುಡ ಸೇರುವ ಆ ಒಂದು ಗೆರೆಯಲ್ಲಿ. ಬುಡವನ್ನು ನೀನು ನೇರಕ್ಕೆ ಬಿಟ್ಟಿಲ್ಲ, ಏಳೆಂಟು ಡಿಗ್ರಿ ಓರೆ ಇಟ್ಟಿದ್ದೀಯ. ಓರೆ ಜಾಸ್ತಿಯಾದರೆ ಭಾರ ಬಿದ್ದಾಗ ನಾಲಿಗೆ ಜಾರಿ ಹೋಗುತ್ತದೆ. ಕಡಿಮೆಯಾದರೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಸರಿಯಾಗಿದ್ದರೆ ಬೆಣೆ ಹೊಡೆದ ಹಾಗೆ ಕೂರುತ್ತದೆ. ಮುಂದೆ ಸವೆದರೂ ನಾಲಿಗೆ ಕೂದಲೆಳೆಯಷ್ಟು ಮುಂದಕ್ಕೆ ಹೋಗಿ ತಾನೇ ಬಿಗಿ ಮಾಡಿಕೊಳ್ಳುತ್ತದೆ. ನನಗೆ ಬಹಳ ಹಿಡಿಸಿದ್ದು ಇದೇ. ನೀನು ಅರ ಹಿಡಿದು ಎರಡು ಸಲ ಉಜ್ಜುವುದು, ಜೋಡಿಸುವುದು, ತೆರೆದು ನೋಡುವುದು, ಮತ್ತೆ ಬಿಚ್ಚುವುದು, ಹೀಗೆ ಇಡೀ ಭಾನುವಾರ ಕಳೆದಿದ್ದನ್ನು ನಾನು ಹಾಸನದಲ್ಲಿ ನಿನ್ನ ಶೆಡ್ಡಿನಲ್ಲಿ ಕೂತು ನೋಡಿದ್ದೆ. ಆಗ ಯಾಕೆ ಇಷ್ಟು ಒದ್ದಾಡುತ್ತಾನೆ ಅಂದುಕೊಂಡಿದ್ದೆ. ಹೊಸದರಲ್ಲಿ ಬುಡದ ಅಗಲದ ಮೂರನೇ ಒಂದು ಪಾಲಿನಷ್ಟು ನಾಲಿಗೆ ಕೂತಿತ್ತು. ಮೊನ್ನೆ ಕನ್ನಡಕ ಹಾಕಿಕೊಂಡು, ಟಾರ್ಚ್ ಬಿಟ್ಟು ನೋಡಿದೆ. ಅಲ್ಲೇ ಇದೆ.

ಮೊದಲ ವಾರ ಮಾತ್ರ ಸ್ವಲ್ಪ ಕಚ್ಚುತ್ತಿತ್ತು. ಮುಚ್ಚುವಾಗ ಹೆಬ್ಬೆರಳು ನೋಯುತ್ತಿತ್ತು. ಟೈಟಾನಿಯಂ ಉಕ್ಕಿಗೆ ಅಂಟುವ ಜಾತಿ, ಬುಡಕ್ಕೆ ಪೆನ್ಸಿಲ್ ಉಜ್ಜು ಅಂದೆಯಲ್ಲ, ಮಗಳ ಕಂಪಾಸ್ ಬಾಕ್ಸಿನಿಂದ ಒಂದು ಪೆನ್ಸಿಲ್ ತೆಗೆದು ಉಜ್ಜಿದೆ. ಅಲ್ಲಿಗೆ ಆ ತೊಂದರೆ ಮುಗಿಯಿತು.

ಇನ್ನು ಆ ಗುಂಡು. ನಾಲಿಗೆಯಲ್ಲಿ ಸಾಸಿವೆಕಾಳಿನಷ್ಟು ಒಂದು ಉಕ್ಕಿನ ಗುಂಡು ಕೂರಿಸಿದ್ದೀಯ. ಮಡಚಿದಾಗ ಅದು ಅಲಗಿನಲ್ಲಿರುವ ಸಣ್ಣ ಕುಳಿಗೆ ಬೀಳುತ್ತದೆ. ಹಾಗಾಗಿ ಜೇಬಿನಲ್ಲಿ ಚಾಕು ತಾನಾಗಿ ಬಾಯಿ ಬಿಡುವುದಿಲ್ಲ. ತೆರೆದಾಗ ಬೆರಳಿಗೊಂದು, ಮಡಚಿದಾಗ ತೊಡೆಗೊಂದು ಕಾವಲು. ಎರಡೂ ಒಂದೇ ತಗಡಿನಿಂದ! ಇಂಥ ಲಾಕ್‌ಗೆ 1906ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಆಗಿತ್ತು, ಎಲೆಕ್ಟ್ರಿಷಿಯನ್‌ಗಳ ಚಾಕುವಿನಲ್ಲಿ ಬಳಸುತ್ತಿದ್ದರು, 1980ರ ದಶಕದಲ್ಲಿ ಅಲ್ಲಿಯ ಚಾಕು ತಯಾರಕ ಮೈಕೇಲ್ ವಾಕರ್ ಅದನ್ನು ತಿದ್ದಿ ತೀಡಿ ಈ ಗುಂಡನ್ನೂ ಸೇರಿಸಿದರು ಅಂತ ನೀನು ಹೇಳಿದಾಗ ನಾನು ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ. ಈಗ ದಿನಾ ಜೇಬಿಗೆ ಕೈ ಹಾಕುವಾಗ ಅದು ನೆನಪಾಗುತ್ತದೆ. ನಿನ್ನ ಹತ್ತಿರ ಇರುವ ಫ್ರಾನ್ಸಿನ ಒಪಿನೆಲ್ ಚಾಕುವಿನ ತಿರುಗುವ ಬಳೆಯ ಲಾಕೂ ಒಳ್ಳೆಯದೇ, 1955ರಿಂದ ಜನ ನಂಬಿ ಬಳಸುತ್ತಿದ್ದಾರೆ. ಆದರೆ ಅದನ್ನು ನೆನಪಿಟ್ಟುಕೊಂಡು ತಿರುಗಿಸಬೇಕು. ಒಂದು ಕೈಯಲ್ಲಿ ಮೆಣಸಿನ ಬಳ್ಳಿ ಹಿಡಿದು ಏಣಿಯ ಮೇಲೆ ನಿಂತವನಿಗೆ, ತಾನಾಗಿ ಬೀಳುವ ಲಾಕೇ ಬೇಕು.

ಅಲಗಿನ ಉಕ್ಕು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್‌ನ ಹಳೇ ಬೇರಿಂಗಿನದು ಅನ್ನುವುದನ್ನು ಅವ್ವನಿಗೆ ಹೇಳಿದೆ. ಗುಜರಿಗೆ ಹಾಕಲು ಇಟ್ಟಿದ್ದ ರಿಂಗ್ ಅದು. ನೀನು ಅದನ್ನು ಕುಲುಮೆಯಲ್ಲಿ ಕಾಯಿಸಿ, ಬಿಡಿಸಿ, ಬಡಿದು ಪಟ್ಟಿ ಮಾಡಿದೆ. ಆಮೇಲೆ ಹದ ಕೊಟ್ಟಿದ್ದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದು. ಕೆಂಪಗೆ ಕಾದ ಅಲಗಿಗೆ ನೀನು ಮತ್ತೆ ಮತ್ತೆ ಅಯಸ್ಕಾಂತ ಹಿಡಿದೆ. ಸುಮಾರು 770 ಡಿಗ್ರಿ ದಾಟಿದರೆ ಅಂಟುವುದಿಲ್ಲ ಅಂದೆ. ಅಂಟುವುದು ನಿಂತ ಮೇಲೂ ಸ್ವಲ್ಪ ಕಾಯಿಸಿ, ಬಿಸಿ ಎಣ್ಣೆಗೆ ಇಳಿಸಿದೆ. ಬುಸ್ ಅಂದಿತು. ಹಾಗೇ ಬಿಟ್ಟರೆ ಗಾಜಿನ ಹಾಗೆ ಮುರಿಯುತ್ತದೆ ಅಂತ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಸಲ ಇಟ್ಟೆ. ಈಗ ಹದಿನೈದು ದಿನಕ್ಕೊಮ್ಮೆ ಮಸೆಗಲ್ಲಿಗೆ ಹಚ್ಚಿದರೆ ಸಾಕು.

ಅಪ್ಪನ ಕಥೆ ಹೇಳಲೇಬೇಕು. ಅವರ ಪ್ರಕಾರ ಮಡಚುವ ಚಾಕು ಅಂದರೆ ಬಾಳೆಹಣ್ಣು ಕತ್ತರಿಸುವ ಆಟಿಕೆ. ಜಗುಲಿಯಲ್ಲಿ ಕೂತು ಇದನ್ನು ಕೈಗೆ ತೆಗೆದುಕೊಂಡರು. ತೆರೆದರು. ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು. ನಮ್ಮಜ್ಜಿ ಮಂಚದ ಕಾಲಿನ ಬೀಟೆ ಅದು, ಬಣ್ಣ ನೋಡಿಯೇ ಗುರುತು ಹಿಡಿದರು. ಆಮೇಲೆ ಮುಚ್ಚಲು ಹೋದರು. ಮುಚ್ಚಲಿಲ್ಲ. ಅಲಗಿನ ಬೆನ್ನನ್ನು ಜಗುಲಿಯ ಕಂಬಕ್ಕೆ ಒತ್ತಿ ನೋಡಿದರು. ಕದಲಲಿಲ್ಲ. "ಇದು ಮಡಚೋದೇ ಇಲ್ವಲ್ಲೋ?" ಅಂದರು. ನಾನು ನಾಲಿಗೆ ಸರಿಸಿ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ಹೊಗಳಲಿಲ್ಲ, ಏನಿಲ್ಲ. ಎಲೆಯಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಅದರಲ್ಲೇ ಅಡಿಕೆ ಹೆಚ್ಚಿದರು. ಅವರು ಅವತ್ತು ಅಡಕತ್ತರಿ ಕೇಳಲಿಲ್ಲ.

ಮಳೆಗಾಲದಲ್ಲಿ ತುಕ್ಕು ಬಂತಾ ಅಂತ ನೀನು ಕೇಳಿದ್ದೆ. ಬಂತು, ಒಂದು ಚುಕ್ಕೆ. ತಪ್ಪು ನನ್ನದೇ. ಜುಲೈನಲ್ಲಿ ಒದ್ದೆ ಕಂಬಳಿಯ ಜೊತೆ ರಾತ್ರಿಯಿಡೀ ಬಿಟ್ಟಿದ್ದೆ. ಬೇರಿಂಗ್ ಉಕ್ಕಿನಲ್ಲಿ ಕ್ರೋಮಿಯಂ ಒಂದೂವರೆ ಪರ್ಸೆಂಟ್ ಮಾತ್ರ, ಸ್ಟೇನ್‌ಲೆಸ್‌ಗೆ ಹತ್ತೂವರೆಯಾದರೂ ಬೇಕು ಅಂತ ಹೇಳಿ ಕೊಟ್ಟಿದ್ದೆಯಲ್ಲ. ಈಗ ಸಂಜೆ ಒರೆಸಿ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಮಾವಿನಕಾಯಿ, ಬಾಳೆಕಾಯಿ ಕತ್ತರಿಸಿ ಅಲಗಿಗೆ ಬೂದಿ ಬಣ್ಣ ಬಂದಿದೆ, ತುದಿಯ ಹತ್ತಿರ ಸ್ವಲ್ಪ ನೀಲಿ. ಹೊಸದರಲ್ಲಿ ಹೊಳೆಯುತ್ತಿದ್ದದ್ದಕ್ಕಿಂತ ನನಗೆ ಈಗಿನದೇ ಇಷ್ಟ.

ಮೊನ್ನೆ ಮತ್ತೆ ಕೊರಕದ ಗಿಡ ಹುಡುಕಲು ಇಳಿದೆ. ಅಕ್ಟೋಬರಿಗೆ ದುಂಬಿ ಹೊರಗೆ ಬರುವ ಮೊದಲು ಮುಗಿಸಬೇಕು. ಎಲೆ ಹಳದಿಯಾದ ಒಂದು ಗಿಡದ ಕಾಂಡದಲ್ಲಿ ಏಣು ಎದ್ದಿತ್ತು. ಚಾಕು ತೆರೆದೆ. ತುದಿ ಊರಿ ತಿರುಗಿಸುವ ಹೊತ್ತಿಗೆ ಕೈ ಒಂದು ಕ್ಷಣ ತಡೆಯಿತು, ಹಳೇ ಭಯ. ಕಿವಿಯಲ್ಲಿ ಆ ಟಕ್ ಇನ್ನೂ ಇತ್ತು. ಒತ್ತಿ ತಿರುಗಿಸಿದೆ. ಸಿಪ್ಪೆ ಎದ್ದು ಬಂತು, ಒಳಗೆ ಹುಡಿ ತುಂಬಿದ ದಾರಿ, ದಾರಿಯ ಕೊನೆಯಲ್ಲಿ ಹುಳು. ಗಿಡ ಕಿತ್ತು ಸುಟ್ಟೆ. ಬೆರಳು ನೋಡಿಕೊಂಡೆ, ಮಾರಾಯ. ನಿನ್ನ ನೆನಪಾಯಿತು.

ಒಂದೇ ಒಂದು ತಿದ್ದುಪಡಿ ಕೇಳುತ್ತೇನೆ. ನಾಲಿಗೆ ಸರಿಸಲು ಹಿಡಿಯಲ್ಲಿ ಮಾಡಿರುವ ಕಚ್ಚು ಇನ್ನೊಂದು ಚೂರು ಆಳ ಇರಲಿ. ಒದ್ದೆ ಕೈಯಲ್ಲಿ, ಚಳಿಗೆ ಬೆರಳು ಮರಗಟ್ಟಿದಾಗ ಹೆಬ್ಬೆರಳು ಜಾರುತ್ತದೆ. ಜಾಸ್ತಿ ಬೇಡ, ಒಂದು ಮಿಲಿಮೀಟರ್ ಸಾಕು. ಕೊಯ್ಲು ಶುರುವಾಗುವ ಮೊದಲು ಹಾಸನಕ್ಕೆ ಬರುತ್ತೇನೆ, ಚಾಕು ಅಲ್ಲೇ ಬಿಟ್ಟು ಬರುತ್ತೇನೆ. ಪಲ್ಪರ್‌ನ ಇನ್ನೊಂದು ರಿಂಗ್ ಕೂಡ ಚೀಲಕ್ಕೆ ಹಾಕಿದ್ದೇನೆ. ಅಪ್ಪ ಬಾಯಿ ಬಿಟ್ಟು ಕೇಳಿಲ್ಲ. ಆದರೆ ಆ ರಿಂಗನ್ನು ಅಟ್ಟದಿಂದ ಇಳಿಸಿ, ಒರೆಸಿ, ನನ್ನ ಮೇಜಿನ ಮೇಲೆ ಇಟ್ಟವರು ಅವರೇ.

ಇಂತಿ ನಿನ್ನ ಗೆಳೆಯ