ಹಿತ್ತಲ ಹೂವಿಗೂ ಧಾರಣೆ ಬೇಕು

ಮಾನ್ಯ ಸಂಪಾದಕರೇ,

ಮದುವೆ ಮಂಟಪಗಳ ಅಲಂಕಾರಕ್ಕೆ ವಿದೇಶದ ಹೂಗಳನ್ನು ತರಿಸುವ ಚಾಳಿಯನ್ನು ಟೀಕಿಸಿ, ಊರಿನ ಹೂಗಳನ್ನೇ ಕೊಳ್ಳಬೇಕೆಂದು ಓದುಗರೊಬ್ಬರು ಇತ್ತೀಚೆಗೆ ಈ ಅಂಕಣದಲ್ಲಿ ಬರೆದಿದ್ದರು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಇಪ್ಪತ್ತು ವರ್ಷಗಳಿಂದ ಹೂವಿನ ಅಂಗಡಿ ಇಟ್ಟುಕೊಂಡು, ಮದುವೆ, ಗೃಹಪ್ರವೇಶ, ಬ್ರಹ್ಮಕಲಶಗಳ ಅಲಂಕಾರದ ಕೆಲಸವನ್ನೂ ವಹಿಸಿಕೊಳ್ಳುವ ನನಗೆ ಅವರ ಆಶಯದಲ್ಲಿ ತಕರಾರಿಲ್ಲ. ಆದರೆ ಕೊಳ್ಳುವವರಲ್ಲಿ ಅಭಿಮಾನ ಕುಂದಿದ್ದರಿಂದ ಊರಿನ ಹೂ ಸೋಲುತ್ತಿದೆ ಎಂಬ ಅವರ ಮಾತನ್ನು ಒಪ್ಪಲಾರೆ. ಎಣಿಕೆ, ದರ್ಜೆ, ದಿನದ ಧಾರಣೆ ಎಂಬ ಮೂರೂ ಇಲ್ಲದ ಸರಕು ಯಾವ ಅಂಗಡಿಯಲ್ಲಿಯೂ ನಿಲ್ಲುವುದಿಲ್ಲ. ನಮ್ಮ ಹೂಗಳ ಪಾಡು ಅದೇ ಆಗಿದೆ.

ಮೊದಲಿಗೆ, ಊರಿನ ಹೂ ಎಂದರೆ ಯಾವುದು ಎಂಬುದೇ ಅಷ್ಟು ಸರಳವಲ್ಲ. ನನ್ನ ಅಂಗಡಿಗೆ ಮಲ್ಲಿಗೆ ಬರುವುದು ಉಡುಪಿ ಜಿಲ್ಲೆಯ ಶಂಕರಪುರದ ಕಡೆಯಿಂದ, ಚೆಂಡುಹೂ ಗುಂಡ್ಲುಪೇಟೆಯಿಂದ, ಗುಲಾಬಿ ತಮಿಳುನಾಡಿನ ಹೊಸೂರಿನಿಂದ, ಜರ್ಬೆರಾ ಬೆಂಗಳೂರಿನ ಸುತ್ತಲಿನ ಪಾಲಿಹೌಸುಗಳಿಂದ, ನೇರಳೆ ಬಣ್ಣದ ಡೆಂಡ್ರೋಬಿಯಂ ಆರ್ಕಿಡ್ ಥಾಯ್ಲೆಂಡಿನಿಂದ. ಕಾಸರಗೋಡಿನ ಮಣ್ಣಿನಲ್ಲಿಯೇ ಬೆಳೆದು ಬರುವವು ಕೆಂಪು ಗೊಂಚಲಿನ ಕೇಪಳ, ಅಡಿಕೆಯ ಹೂಗೊಂಚಲಾದ ಹಿಂಗಾರ, ತುಳಸಿ, ಒಂದಿಷ್ಟು ಅಬ್ಬಲಿಗೆ, ಮತ್ತೆ ತೋಟದ ಬದುಗಳಲ್ಲಿ ಯಾರೂ ಕೇಳುವವರಿಲ್ಲದೆ ಹಬ್ಬಿರುವ, ಬಾಳೆಯಂಥ ಎಲೆಯ ಹೆಲಿಕೋನಿಯಾ. ಇದರಲ್ಲಿಯೂ ಒಂದು ತಮಾಷೆಯಿದೆ: ಹೆಲಿಕೋನಿಯಾದ ಮೂಲ ಅಮೆರಿಕದ ಉಷ್ಣವಲಯ, ಚೆಂಡುಹೂ ಮೆಕ್ಸಿಕೋದ್ದು, ಸೇವಂತಿಗೆ ಚೀನಾದ್ದು. ಆದ್ದರಿಂದ ಗಿಡದ ಕುಲಗೋತ್ರ ವಿಚಾರಿಸುವುದಕ್ಕಿಂತ ಹೂವನ್ನು ಎಲ್ಲಿ ಕೊಯ್ದರು, ಅದು ಎಷ್ಟು ದಿನ ದಾರಿಯಲ್ಲಿತ್ತು, ಹೇಗೆ ಬಂತು ಎಂದು ವಿಚಾರಿಸುವುದೇ ಸರಿ.

ದೂರವೊಂದನ್ನೇ ಅಳತೆಗೋಲಾಗಿ ಹಿಡಿದರೂ ಲೆಕ್ಕ ತಪ್ಪುತ್ತದೆ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ, ಬ್ರಿಟನ್ನಿನ ಮಾರುಕಟ್ಟೆಗೆ ಬರುವ 12,000 ಗುಲಾಬಿಗಳ ಲೆಕ್ಕ ಹಾಕಿದಾಗ, ಕೀನ್ಯಾದಿಂದ ವಿಮಾನದಲ್ಲಿ ಬಂದವುಗಳ ಇಂಗಾಲದ ಹೊರೆ ಸುಮಾರು 6 ಟನ್ ಇದ್ದರೆ, ಪಕ್ಕದ ಹಾಲೆಂಡಿನವುಗಳದ್ದು ಸುಮಾರು 35 ಟನ್ ಇತ್ತು. ಚಳಿಯ ನಾಡಿನಲ್ಲಿ ಗಾಜಿನ ಮನೆಯನ್ನು ಬಿಸಿ ಮಾಡಿ, ದೀಪ ಹಚ್ಚಿ ಗುಲಾಬಿ ಬೆಳೆಸುವುದರ ಫಲ ಅದು. ಹೊಸೂರಿನ ಪಾಲಿಹೌಸುಗಳಿಗೆ ಅಂಥ ಕಾವಿನ ಅಗತ್ಯವಿಲ್ಲ. ಎತ್ತರದ ಆ ನೆಲದ ಹವೆಯೇ ಗುಲಾಬಿಗೆ ಒಗ್ಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ, ಮಳೆಗಾಲದ ಜಡಿಯಲ್ಲಿ ಉದ್ದ ದಂಟಿನ ಗುಲಾಬಿ ಬೆಳೆಸುತ್ತೇನೆಂದು ಹೊರಡುವುದು ಹಟವಾದೀತೇ ಹೊರತು ಸ್ವಾವಲಂಬನೆಯಾಗದು. ಗುಲಾಬಿ ಹೊಸೂರಿನಿಂದಲೇ ಬರಲಿ. ಥಾಯ್ಲೆಂಡಿನ ಆರ್ಕಿಡ್ ನಮ್ಮ ಮಂಟಪಕ್ಕೆ ಬೇಕೇ ಎಂಬುದು ಬೇರೆ ಪ್ರಶ್ನೆ; ಅದಕ್ಕೆ ನನ್ನದೇ ಅನುಭವವೊಂದನ್ನು ಹೇಳಬೇಕು.

ಮೂರು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಮದುವೆಗೆ, ಹುಡುಗಿಯ ಮನೆಯವರು ಫೋನಿನಲ್ಲಿ ಒಂದು ಚಿತ್ರ ತೋರಿಸಿ, ವೇದಿಕೆಯ ಹಿಂಬದಿ ಪೂರ್ತಿ ನೇರಳೆ, ಬಿಳಿ ಆರ್ಕಿಡ್ ಇರಬೇಕೆಂದರು. ನಗರದ ಸಗಟು ವ್ಯಾಪಾರಿಯೊಬ್ಬರಿಗೆ ಮುಂಗಡ ಕೊಟ್ಟು ತರಿಸಿದೆ. ಮುನ್ನಾದಿನ ಸಂಜೆ ಪೆಟ್ಟಿಗೆ ಬಿಚ್ಚಿದಾಗ ದಂಟಿನ ತುದಿಯ ಪುಟ್ಟ ನೀರಿನ ಕೊಳವೆಗಳು ಸರಿಯಾಗಿಯೇ ಇದ್ದವು, ಬಣ್ಣವೂ ಇತ್ತು. ಆದರೆ ಎಸಳಿನ ಅಂಚು ನೀರಿನಲ್ಲಿ ನೆನೆದ ಕಾಗದದಂತೆ ಪಾರದರ್ಶಕವಾಗಿತ್ತು. ರಾತ್ರಿ ಎಂಟರ ಹೊತ್ತಿಗೆ ಅದು ಕಂದು ತಿರುಗಿ, ಮೊಗ್ಗುಗಳು ಒಂದೊಂದಾಗಿ ಉದುರತೊಡಗಿದವು. ಗುಲಾಬಿಯೊಂದಿಗೆ ಒಂದೇ ತಂಪುಗಾಡಿಯಲ್ಲಿ ತಂದದ್ದರ ಫಲ ಅದೆಂದು ನನಗೆ ಅನುಮಾನವಿಲ್ಲ. ಗುಲಾಬಿಗೆ 2ರಿಂದ 4 ಡಿಗ್ರಿಯ ತಂಪು ಹಿತ. ಡೆಂಡ್ರೋಬಿಯಂ ಉಷ್ಣವಲಯದ ಹೂ, 10 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಒಳಗೊಳಗೇ ಸುಟ್ಟುಹೋಗುತ್ತದೆ. ತಮ್ಮಲ್ಲಿಂದ ಹೊರಡುವಾಗ ಹೂ ಚೆನ್ನಾಗಿಯೇ ಇತ್ತೆಂದು ಸಗಟು ವ್ಯಾಪಾರಿ ಕೈತೊಳೆದುಕೊಂಡರು, ಹಣ ಹಿಂದಿರುಗಲಿಲ್ಲ.

ಆ ರಾತ್ರಿ ನೀರ್ಚಾಲಿನ ಪರಿಚಿತ ಕೃಷಿಕರೊಬ್ಬರ ಅಡಿಕೆ ತೋಟಕ್ಕೆ ಟಾರ್ಚ್ ಹಿಡಿದುಕೊಂಡು ಹೋಗಿ, ಇಬ್ಬರು ಹುಡುಗರ ನೆರವಿನಿಂದ ಸುಮಾರು ನೂರೈವತ್ತು ಹೆಲಿಕೋನಿಯಾ ಕಡಿದೆವು. ಕಡಿದ ಮೇಲೆ ಈ ಹೂ ಮತ್ತೆ ಅರಳುವುದಿಲ್ಲ, ಆದ್ದರಿಂದ ಎರಡು ಮೂರು ಪಕಳೆ ಬಿಚ್ಚಿದ್ದನ್ನೇ ಆರಿಸಬೇಕು. ಪಕಳೆಯ ಸಂದಿನಲ್ಲಿ ಇರುವೆ, ಹಳೆಯ ಮಳೆನೀರು ಇರುವುದರಿಂದ ಒಂದೊಂದನ್ನೂ ತಲೆಕೆಳಗಾಗಿ ತೊಳೆಯಬೇಕು. ಹೂವಿನ ದಂಟು ಚುಚ್ಚಿ ನಿಲ್ಲಿಸುವ ಹಸಿರು ಫೋಮಿನ ಬದಲು, ನಮ್ಮ ಹಿರಿಯರು ಮಾಡುತ್ತಿದ್ದಂತೆ, ಬಾಳೆಯ ದಂಡನ್ನು ಅಡ್ಡ ಮಲಗಿಸಿ ಅದಕ್ಕೆ ಚುಚ್ಚಿದೆವು. ಬಾಳೆದಂಡಿನಲ್ಲಿ ನೀರು ತಾನೇ ಇರುತ್ತದೆ, ಕೆಲಸ ಮುಗಿದ ಮೇಲೆ ದನಕ್ಕೂ ಆಗುತ್ತದೆ. ಆ ಫೋಮು ಮಣ್ಣಿನಲ್ಲಿ ಕರಗುವುದೇ ಇಲ್ಲ. ನಡುನಡುವೆ ಕೇಪಳದ ಗೊಂಚಲು, ಹಿಂದೆ ಎಳೆ ತೆಂಗಿನ ಗರಿ. ಮರುದಿನ ಸಂಜೆ ಮಂಟಪ ಬಿಚ್ಚುವವರೆಗೂ ಒಂದು ಹೂವೂ ಬಾಡಲಿಲ್ಲ.

ಲೆಕ್ಕ ತೀರಿಸುವಾಗ ಯಜಮಾನರು ಸೌಜನ್ಯದಿಂದಲೇ, "ಇದು ತೋಟದ ಬದಿಯ ಹೂವಲ್ಲವೇ, ಇದಕ್ಕೇನು ದುಡ್ಡು?" ಎಂದು ಕೇಳಿ, ಒಪ್ಪಿದ ಮೊತ್ತದಲ್ಲಿ ದೊಡ್ಡ ಪಾಲನ್ನೇ ಕಡಿತ ಮಾಡಿದರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ, ಏಕೆಂದರೆ ಅದರ ಬೆಲೆಯೆಷ್ಟು ಎಂದು ಹೇಳಲು ನನಗೂ ತಿಳಿದಿರಲಿಲ್ಲ. ತೋಟದವರಂತೂ ಬುಡ ಚೊಕ್ಕಟವಾಯಿತೆಂದು ಖುಷಿಪಟ್ಟು, ಕೊಟ್ಟದ್ದನ್ನು ತೆಗೆದುಕೊಳ್ಳಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಕೊಳ್ಳುವವರಿಗೆ ಮಾತ್ರವಲ್ಲ, ಬೆಳೆಯುವವರಿಗೂ ಅನ್ವಯಿಸುತ್ತದೆಂದು ನನಗೆ ಅರ್ಥವಾದದ್ದು ಅಂದು.

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ಕಣ್ಣೆದುರೇ ಇದೆ. ಉಡುಪಿ ಮಲ್ಲಿಗೆ ಇಂದಿಗೂ ಉಳಿದಿರುವುದಕ್ಕೆ ಅದರ ಪರಿಮಳವೊಂದೇ ಕಾರಣವಲ್ಲ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ಕಟ್ಟುವ ಹೆಂಗಸಿಗೂ ಗೊತ್ತು, ಮಾರುವವನಿಗೂ ಗೊತ್ತು, ಕೊಳ್ಳುವ ಅಜ್ಜಿಗೂ ಗೊತ್ತು. ಅಟ್ಟೆಯ ದರ ಶಂಕರಪುರದಲ್ಲಿ ದಿನದಿನವೂ ನಿಗದಿಯಾಗುತ್ತದೆ; ಹಬ್ಬ, ಮದುವೆ ಬಂದರೆ ಗಗನಕ್ಕೇರುತ್ತದೆ, ಶುಭಕಾರ್ಯಗಳಿಲ್ಲದ ಆಟಿ ತಿಂಗಳಲ್ಲಿ ಇಳಿಯುತ್ತದೆ. ದುಬಾರಿಯೆಂದು ಗೊಣಗುವವರಿದ್ದಾರೆ, ಆದರೆ ಇದಕ್ಕೇನು ದುಡ್ಡು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆರ್ಕಿಡಿಗೂ ಇರುವ ಬಲ ಇಂಥದೇ: ಇಷ್ಟು ಉದ್ದದ ದಂಟು, ಕಟ್ಟಿಗೆ ಇಷ್ಟು, ಪೆಟ್ಟಿಗೆಗೆ ಇಷ್ಟು ಎಂಬ ಖಚಿತತೆ.

ಹಿಂಗಾರದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಾಗನಿಗೂ ಭೂತಗಳಿಗೂ ಹಿಂಗಾರವಿಲ್ಲದೆ ಸಲ್ಲದು, ಅದಕ್ಕೆ ವಿದೇಶದ ಬದಲಿ ಇಲ್ಲ. ಒಂದು ಹಿಂಗಾರ ಕಡಿದರೆ ಒಂದು ಗೊನೆ ಅಡಿಕೆ ಹೋದಂತೆ, ಹಾಗಾಗಿ ಅಡಿಕೆಗೆ ಬೆಲೆ ಇರುವ ವರ್ಷ ಕೊಡುವವರೇ ಸಿಗುವುದಿಲ್ಲ. ನಾಗರಪಂಚಮಿಯ ಮುನ್ನಾದಿನ ಒಂದೇ ಬೀದಿಯಲ್ಲಿ ಮೂರು ಅಂಗಡಿಗಳಲ್ಲಿ ಮೂರು ಬೆಲೆ ಇರುತ್ತದೆ. ಕೊಂಡವರು ನಮ್ಮನ್ನು ಬಯ್ಯುತ್ತಾರೆ. ಮರ ಹತ್ತಿದವನಿಗೆ, ತೋಟದವರಿಗೆ ಅದರಲ್ಲಿ ಎಷ್ಟು ಮುಟ್ಟಿತೆಂದು ಯಾರೂ ಕೇಳುವುದಿಲ್ಲ.

ಓಣಂ ಹೊತ್ತಿಗೆ ಪಂಚಾಯತುಗಳು, ಕುಟುಂಬಶ್ರೀಯ ಮಹಿಳಾ ಸ್ವಸಹಾಯ ಗುಂಪುಗಳು ಚೆಂಡುಹೂ ಬೆಳೆಯುತ್ತಿರುವುದು ಒಳ್ಳೆಯದೇ. ಆದರೆ ಹತ್ತು ದಿನದ ಪೂಕಳಂ, ಅಂದರೆ ಹೂವಿನ ರಂಗೋಲಿ, ಮುಗಿದ ಮರುದಿನ ಅದೇ ಹೂವಿಗೆ ಗಿರಾಕಿಯಿಲ್ಲ. ಗುಂಡ್ಲುಪೇಟೆಯವರಿಗಾದರೆ ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳ ದಾರಿಯೂ ಉಂಟು. ನಮ್ಮ ಗುಂಪುಗಳಿಗೆ ಅದೂ ಇಲ್ಲ.

ಕೀಟನಾಶಕದ ಮಾತನ್ನು ಕಾಸರಗೋಡಿನವನಾಗಿ ಬಿಟ್ಟುಬಿಡಲಾರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ಉಂಡ ಊರು ಇದು. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರಲ್ಲಿ. ಹೂವು ತಿನ್ನುವ ವಸ್ತುವಲ್ಲ ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟದಲ್ಲಿ ಕೂಡ ಅದಕ್ಕೆ ವಿಷದ ಉಳಿಕೆಯ ಮಿತಿಯಿಲ್ಲ. ಬೆಲ್ಜಿಯಂನಲ್ಲಿ ಗುಲಾಬಿ, ಜರ್ಬೆರಾ, ಸೇವಂತಿಗೆಗಳ 90 ಮಾದರಿಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 107 ಬಗೆಯ ರಾಸಾಯನಿಕಗಳು ಕಂಡವು. ನನ್ನ ಅಂಗಡಿಯಲ್ಲಿ ಹಾರ ಕಟ್ಟುವ ಹೆಂಗಸರು ಬಾಳೆನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗಂಟು ಬಿಗಿಯುತ್ತಾರೆ, ಅದೇ ಕೈಯಿಂದ ಚಹಾ ಕುಡಿಯುತ್ತಾರೆ. ಸಿಂಪಡಣೆಯ ದೋಷ ವಿದೇಶದ ಹೂವಿಗೆ ಮಾತ್ರ ಮೀಸಲೆಂದು ನಾನು ಹೇಳುತ್ತಿಲ್ಲ, ಘಟ್ಟದ ಮೇಲಿನ ಸೇವಂತಿಗೆಗೂ ಔಷಧಿ ಬೀಳುತ್ತದೆ. ಆದರೆ ನೀರ್ಚಾಲಿನ ಕೇಪಳಕ್ಕೆ ಏನು ಹೊಡೆದಿದ್ದಾರೆಂದು ಕೇಳಲು ನನಗೆ ಒಂದು ಫೋನ್ ಕರೆ ಸಾಕು.

ನನ್ನ ಕೋರಿಕೆ ಸಣ್ಣದು. ತೆಂಗು, ಅಡಿಕೆ ತೋಟಗಳ ಅಂತರ ಬೆಳೆಗಳ ಬಗ್ಗೆ ದಶಕಗಳಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಕಾಸರಗೋಡಿನಲ್ಲಿಯೇ ಇದೆ. ಕೃಷಿ ಭವನಗಳು ಪ್ರತಿ ಪಂಚಾಯತಿನಲ್ಲಿವೆ. ಇವರು ಬೆಳೆಗಾರರನ್ನೂ ನಮ್ಮಂಥ ಅಲಂಕಾರದವರನ್ನೂ ಒಟ್ಟಿಗೆ ಕೂರಿಸಿ, ಹೆಲಿಕೋನಿಯಾ ಎಷ್ಟು ಉದ್ದದ ದಂಟಿನದ್ದಿರಬೇಕು, ಕೇಪಳದ ಕಟ್ಟಿಗೆ ಎಷ್ಟು ಗೊಂಚಲು, ಹಿಂಗಾರಕ್ಕೆ ಆ ವಾರದ ಧಾರಣೆ ಎಷ್ಟು ಎಂಬುದನ್ನು ನಿಗದಿಪಡಿಸುವ ಏರ್ಪಾಡು ಮಾಡಲಿ. ಅಡಿಕೆ, ಕಾಳುಮೆಣಸುಗಳ ದರವನ್ನು ದಿನವೂ ಅಚ್ಚುಮಾಡುವ ತಮ್ಮ ಪತ್ರಿಕೆ ಅದರ ಕೆಳಗೆ ಹೂವಿಗೂ ಎರಡು ಸಾಲು ಕೊಡಬಹುದು. ನಮ್ಮ ಕಸುಬಿನವರು ಬಿಲ್ಲಿನಲ್ಲಿ ಹೂವಿನ ಹೆಸರಿನ ಎದುರು ಅದನ್ನು ಕೊಯ್ದ ಊರನ್ನು ಬರೆಯಬೇಕು. ನಾನು ಕಳೆದ ಚಿಂಗಂ ತಿಂಗಳಿನಿಂದ ಬರೆಯುತ್ತಿದ್ದೇನೆ. ಥಾಯ್ಲೆಂಡ್ ಎಂದು ಓದಿ ಸಂತೋಷಪಟ್ಟು ಹಣ ಎಣಿಸುವವರೂ ಇದ್ದಾರೆ. ನೀರ್ಚಾಲು ಎಂದು ಓದಿ, ಯಾರ ತೋಟದ್ದು ಎಂದು ಕೇಳಿದವರು ಈವರೆಗೆ ನಾಲ್ಕು ಮಂದಿ, ಅವರಲ್ಲಿ ಯಾರೂ ಚೌಕಾಸಿ ಮಾಡಲಿಲ್ಲ.

ಇಂತು ತಮ್ಮ ವಿಶ್ವಾಸಿ,
ಹೂವಿನ ವ್ಯಾಪಾರಿ, ಬದಿಯಡ್ಕ