ಪೋಷಕರಿಗೆ ಪತ್ರ: ಕಯೋಟಿ ಹಿಲ್ಸ್ ನಡಿಗೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಆತ್ಮೀಯ ಪೋಷಕರಿಗೆ ನಮಸ್ಕಾರಗಳು.

ಮುಂದಿನ ತಿಂಗಳ ಎರಡನೇ ಭಾನುವಾರ ನಮ್ಮ ಕನ್ನಡ ಶಾಲೆಯ ಮಕ್ಕಳನ್ನು ಫ್ರೀಮಾಂಟಿನ ಕಯೋಟಿ ಹಿಲ್ಸ್ ಪಾರ್ಕಿಗೆ ನಡಿಗೆಗೆ ಕರೆದೊಯ್ಯುತ್ತಿದ್ದೇವೆ. ಒಪ್ಪಿಗೆ ಪತ್ರ ಕೈಸೇರಿದ ಮೇಲೆ ನಿಮ್ಮಲ್ಲಿ ಹಲವರು ಕೇಳಿದ್ದು ಒಂದೇ ಪ್ರಶ್ನೆ: ಮಗು ಜಾರಿ ಬಿದ್ದು ಕೈ ಮುರಿದುಕೊಂಡರೆ ಪಾರ್ಕಿನವರು ಹೊಣೆಯಲ್ಲವೇ? ಬಹುಮಟ್ಟಿಗೆ ಅಲ್ಲ. ಅದು ಏಕೆ, ಹೊಣೆ ಎಲ್ಲಿ ಉಳಿಯುತ್ತದೆ ಎಂಬುದನ್ನು ತಿಳಿದೇ ನೀವು ಸಹಿ ಹಾಕಬೇಕೆಂಬುದು ನನ್ನ ಆಸೆ.

ಈ ಪಾರ್ಕು ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್‌ಗೆ ಸೇರಿದ್ದು, ಅಂದರೆ ಸಾರ್ವಜನಿಕ ಸಂಸ್ಥೆಯದು. ಕ್ಯಾಲಿಫೋರ್ನಿಯಾದ ಗವರ್ನಮೆಂಟ್ ಕೋಡ್ ಸೆಕ್ಷನ್ 831.4ರ ಪ್ರಕಾರ, ನಡಿಗೆ, ಸವಾರಿ, ಮೀನುಗಾರಿಕೆಯಂಥ ವಿಹಾರಕ್ಕೆ ಬಳಸುವ ಟ್ರೇಲ್‌ನ ಸ್ಥಿತಿಯಿಂದ ಪೆಟ್ಟಾದರೆ ಇಂಥ ಸಂಸ್ಥೆ ಪರಿಹಾರ ಕೊಡಬೇಕಿಲ್ಲ. ಗುಂಡಿ, ಸಡಿಲ ಜಲ್ಲಿ, ಬಿರುಕು, ಕಡಿದಾದ ತಿರುವು ಎಲ್ಲವೂ ಇದರೊಳಗೆ ಬರುತ್ತವೆ. ನಾವು ನಡೆಯುವ ಬೇವ್ಯೂ ಟ್ರೇಲ್ ಸುಮಾರು ಮೂರೂವರೆ ಮೈಲಿಯ ಡಾಂಬರು ಹಾದಿ. ಡಾಂಬರು ಹಾಕಿದ ಮಾತ್ರಕ್ಕೆ ಈ ರಕ್ಷಣೆ ತಪ್ಪುವುದಿಲ್ಲ. ಸ್ಯಾನ್ ಮಟಿಯೊ ಕೌಂಟಿಯ ಸಾಯರ್ ಕ್ಯಾಂಪ್ ಟ್ರೇಲ್‌ನಲ್ಲಿ ಸೈಕಲ್‌ನಿಂದ ಬಿದ್ದವರ ಪ್ರಕರಣದಲ್ಲಿ 1994ರಲ್ಲೇ ನ್ಯಾಯಾಲಯ ಹೀಗೆ ಹೇಳಿತು. 2006ರ ಪೀಡ್‌ಮಾಂಟ್ ಪ್ರಕರಣದಲ್ಲಿ, ಹಾದಿಯ ವಿನ್ಯಾಸ ಮತ್ತು ಅದನ್ನು ಹಾಕಿದ ಜಾಗ ಕೂಡ ಇದೇ ರಕ್ಷಣೆಯೊಳಗೆ ಬರುತ್ತವೆ ಎಂದು ತೀರ್ಪಾಯಿತು.

ಕೇಳಲು ಕಠೋರವೆನಿಸಿದರೂ ಇದಕ್ಕೆ ಕಾರಣವಿದೆ. ಪ್ರತಿ ಕಲ್ಲಿಗೂ ಪರಿಹಾರ ಕೊಡಬೇಕೆಂದರೆ ಸಾವಿರಾರು ಎಕರೆಯ ಬೆಟ್ಟಗಾಡನ್ನು ಜನರಿಗೆ ತೆರೆದಿಡುವ ಬದಲು ಬೇಲಿ ಹಾಕಿ ಮುಚ್ಚುವುದೇ ಸುಲಭ. ಮಕ್ಕಳಿಗೆ ಬೆಟ್ಟ ತೆರೆದಿರಲಿ ಎನ್ನುವವಳು ನಾನು. ಆದ್ದರಿಂದಲೇ ಈ ಏರ್ಪಾಡಿನ ಬೆಲೆ ಏನೆಂಬುದನ್ನು ಮುಚ್ಚಿಡಲಾರೆ.

ರಕ್ಷಣೆಗೆ ಮಿತಿಯೂ ಇದೆ. ಅಪಾಯ ಹಾದಿಯದ್ದೇ ಆಗಿರಬೇಕು. ಸ್ಯಾನ್ ಡಿಯೆಗೊದ ಮಿಷನ್ ಬೇ ಪಾರ್ಕಿನಲ್ಲಿ ನೀಲಗಿರಿ ಮರದ ಕೊಂಬೆ ಒಬ್ಬರ ಮೇಲೆ ಮುರಿದು ಬಿದ್ದಾಗ, ಮರದ ಆರೈಕೆ ಬೇರೆ, ಹಾದಿಯ ಸ್ಥಿತಿ ಬೇರೆ ಎಂದು 2017ರಲ್ಲಿ ನ್ಯಾಯಾಲಯ ದಾವೆ ಮುಂದುವರಿಯಲು ಬಿಟ್ಟಿತು. ಅದೇ ವರ್ಷ ಪಾಸಡೀನಾದ ಪ್ರಕರಣವೊಂದರಲ್ಲಿ ಪಕ್ಕದ ಗಾಲ್ಫ್ ಮೈದಾನದ ಚೆಂಡು ತಳ್ಳುಗಾಡಿಯಲ್ಲಿದ್ದ ಕೂಸಿಗೆ ಬಡಿದಿತ್ತು. ಅಲ್ಲೂ ಟ್ರೇಲ್ ರಕ್ಷಣೆ ನಡೆಯಲಿಲ್ಲ. ಪಾರ್ಕಿಂಗ್ ಜಾಗ, ಶೌಚಾಲಯದ ಮೆಟ್ಟಿಲು, ಊಟದ ಬೆಂಚುಗಳಿಗೆ ಸೆಕ್ಷನ್ 835 ಅನ್ವಯಿಸುತ್ತದೆ. ಆದರೆ ಅಲ್ಲಿ ದೋಷ ಅಪಾಯಕಾರಿಯಾಗಿತ್ತು, ಸಿಬ್ಬಂದಿಯ ತಪ್ಪಿನಿಂದಲೇ ಆಯಿತು ಅಥವಾ ಗೊತ್ತಾಗಿ ಸರಿಪಡಿಸಲು ಸಮಯವಿದ್ದೂ ಬಿಟ್ಟರು ಎಂದು ನೀವೇ ತೋರಿಸಬೇಕು.

ಮರ ಹತ್ತುವುದು, ಕೊಂಬೆಗೆ ಕಟ್ಟಿದ ಹಗ್ಗದಲ್ಲಿ ಜೀಕುವುದು, ಬಂಡೆ ಏರುವುದು ಸೆಕ್ಷನ್ 831.7ರ ಪಟ್ಟಿಯಲ್ಲಿ ಅಪಾಯಕರ ವಿಹಾರಗಳು. ಅವುಗಳಲ್ಲಿ ಪೆಟ್ಟಾದರೆ ಸಂಸ್ಥೆಯ ಹೊಣೆ ಇನ್ನೂ ಕಡಿಮೆ. ವಾಹನ ನಿಲುಗಡೆಗೆ ದುಡ್ಡು ಕೊಟ್ಟಿದ್ದೇವಲ್ಲ ಎಂಬ ವಾದವೂ ನಡೆಯದು. ಆ ಚಟುವಟಿಕೆಗೆಂದೇ ಪಡೆದ ಶುಲ್ಕ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪ್ರವೇಶ, ಪಾರ್ಕಿಂಗ್, ಗುಂಪು ಪರವಾನಗಿಯ ಶುಲ್ಕಗಳನ್ನು ಕಾನೂನು ಸ್ಪಷ್ಟವಾಗಿ ಹೊರಗಿಟ್ಟಿದೆ. ಹಾಗಾಗಿ ಅಂದು ಮರ, ಬಂಡೆ ಹತ್ತುವುದಕ್ಕೆ ಯಾವ ಮಗುವಿಗೂ ಅನುಮತಿಯಿಲ್ಲ. ದಯವಿಟ್ಟು ಮನೆಯಲ್ಲೇ ಹೇಳಿ ಕಳಿಸಿ.

ತಮ್ಮ ತೋಟದಲ್ಲಿ ಮಕ್ಕಳಿಗೆ ಹಣ್ಣು ಕೀಳಿಸೋಣ ಎಂದ ಪೋಷಕರಿಗೆ ಒಂದು ಮಾತು. ಖಾಸಗಿ ಜಮೀನಿಗೆ ಇರುವುದು ಸಿವಿಲ್ ಕೋಡ್ ಸೆಕ್ಷನ್ 846, 1963ರದ್ದು. ವಿಹಾರಕ್ಕೆ ಸುಮ್ಮನೆ ಬಿಟ್ಟುಕೊಟ್ಟರೆ ಮಾಲೀಕರಿಗೆ ರಕ್ಷಣೆಯಿದೆ. ದುಡ್ಡು ಪಡೆದರೆ, ಬನ್ನಿ ಎಂದು ನೇರವಾಗಿ ಆಹ್ವಾನಿಸಿದರೆ, ಅಥವಾ ಅಪಾಯ ಗೊತ್ತಿದ್ದೂ ಬೇಕೆಂದೇ ಇಲ್ಲವೇ ದುರುದ್ದೇಶದಿಂದ ಎಚ್ಚರಿಸದಿದ್ದರೆ ಅದು ತಪ್ಪಿಹೋಗುತ್ತದೆ. ನೀವು ನಮ್ಮನ್ನು ಕರೆದರೆ ಅದು ಆಹ್ವಾನವೇ. ನಿಮ್ಮ ಮನೆ ವಿಮೆಯವರನ್ನು ವಿಚಾರಿಸಿದ ಮೇಲೆ ನಮಗೆ ತಿಳಿಸಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಗಡುವಿನಲ್ಲಿ. ಮಗುವಿಗೆ 18 ತುಂಬುವವರೆಗೆ ಕಾಲಾವಧಿ ಓಡುವುದಿಲ್ಲ ಎಂಬುದು ಖಾಸಗಿಯವರ ಮೇಲಿನ ದಾವೆಗೆ ಸಾಮಾನ್ಯವಾಗಿ ನಿಜ. ಸಾರ್ವಜನಿಕ ಸಂಸ್ಥೆಯ ವಿಷಯದಲ್ಲಿ ಅದನ್ನು ನಂಬಿ ಕೂರಬೇಡಿ. ಪೆಟ್ಟಾದ 6 ತಿಂಗಳೊಳಗೆ ಆ ಸಂಸ್ಥೆಗೆ ಲಿಖಿತ ಕ್ಲೇಮ್ (ಪರಿಹಾರದ ಬೇಡಿಕೆ) ಸಲ್ಲಿಸಬೇಕು, ಮಗುವಿನದ್ದಾದರೂ ಅಷ್ಟೇ. ತಪ್ಪಿದರೆ ತಡವಾಗಿ ಸಲ್ಲಿಸಲು ಅನುಮತಿ ಕೋರುವ ಅರ್ಜಿಯನ್ನು ಒಂದು ವರ್ಷದೊಳಗೆ ಕೊಡಬೇಕು. ಆ 6 ತಿಂಗಳೂ ಮಗು ಅಪ್ರಾಪ್ತವಾಗಿದ್ದರೆ ಅದನ್ನು ಒಪ್ಪಲೇಬೇಕು, ಆದರೆ ವರ್ಷ ದಾಟಿದರೆ ಆ ಬಾಗಿಲೂ ಮುಚ್ಚಿತು. ಲಿಖಿತ ತಿರಸ್ಕಾರ ಬಂದ ಮೇಲೆ ದಾವೆ ಹೂಡಲು ಮತ್ತೆ 6 ತಿಂಗಳು.

ಯಾರ ಜಮೀನು ಎಂಬುದು ಇಲ್ಲಿ ಮುಖ್ಯ. ಕಯೋಟಿ ಹಿಲ್ಸ್‌ನಿಂದ ಸೇತುವೆ ದಾಟಿದರೆ ಡಾನ್ ಎಡ್ವರ್ಡ್ಸ್ ವನ್ಯಜೀವಿ ಧಾಮ, ಅದು ಕೇಂದ್ರ ಸರ್ಕಾರದ್ದು. ಅಲ್ಲಿ ಕ್ಲೇಮ್‌ಗೆ ಸ್ಟ್ಯಾಂಡರ್ಡ್ ಫಾರಂ 95 ಎಂಬ ನಮೂನೆ, ಗಡುವು 2 ವರ್ಷ. ಆ ಫಾರಂನಲ್ಲಿ ಕೇಳುವ ಮೊತ್ತವನ್ನು ಖಚಿತವಾಗಿ ಬರೆಯದಿದ್ದರೆ ಕ್ಲೇಮ್ ಊರ್ಜಿತವಲ್ಲ. ಪಾರ್ಕ್ ಡಿಸ್ಟ್ರಿಕ್ಟ್‌ಗೆ ಕೊಡುವ ಕ್ಲೇಮ್‌ನಲ್ಲಿ ಇದಕ್ಕೆ ತದ್ವಿರುದ್ಧ: 10,000 ಡಾಲರ್ ಮೀರಿದರೆ ಮೊತ್ತ ಬರೆಯಕೂಡದು. ಹಾಗಾಗಿ ಪೆಟ್ಟಾದ ಕೂಡಲೇ ಜಾಗದ ಫೋಟೊ ತೆಗೆಯಿರಿ, ಹತ್ತಿರದ ಟ್ರೇಲ್ ಫಲಕವೂ ಅದರಲ್ಲಿ ಕಾಣಲಿ. ಸಮಯ, ಕಂಡವರ ಹೆಸರು ಬರೆದಿಡಿ. ಗಂಭೀರ ಪೆಟ್ಟಾದರೆ ಮೊದಲ ವಾರದಲ್ಲೇ ವಕೀಲರನ್ನು ಕಾಣಿ, ಈ ಪತ್ರ ಅವರ ಸಲಹೆಗೆ ಬದಲಿಯಲ್ಲ.

ಈ ರಕ್ಷಣೆಗಳೆಲ್ಲ ಜಮೀನಿನವರಿಗೆ. ಮಕ್ಕಳನ್ನು ಕರೆದೊಯ್ಯುವ ನಮಗಲ್ಲ. ಒಪ್ಪಿಗೆ ಪತ್ರದಲ್ಲಿ ನೀವು ನಮ್ಮ ಸಾಮಾನ್ಯ ನಿರ್ಲಕ್ಷ್ಯಕ್ಕಾಗಿ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಡುತ್ತೀರಿ, ಪೋಷಕರ ಸಹಿ ಮಗುವಿಗೂ ಅನ್ವಯಿಸುತ್ತದೆ. ಆದರೆ ವಿಹಾರ ಕಾರ್ಯಕ್ರಮಗಳಲ್ಲಿ ಘೋರ ನಿರ್ಲಕ್ಷ್ಯದ ಹೊಣೆಯನ್ನು ಅಂಥ ಸಹಿಯಿಂದ ಕಳಚಿಕೊಳ್ಳಲಾಗದು ಎಂದು ರಾಜ್ಯದ ಸುಪ್ರೀಂ ಕೋರ್ಟ್ 2007ರ ಸ್ಯಾಂಟಾ ಬಾರ್ಬರಾ ಪ್ರಕರಣದಲ್ಲಿ ಹೇಳಿದೆ. ಅದು ಸರಿಯಾದ ತೀರ್ಪು ಎಂದೇ ನನ್ನ ಭಾವನೆ. ಐದು ಮಕ್ಕಳಿಗೊಬ್ಬ ಹಿರಿಯರು, ಸಾಲಿನ ಮುಂದೆ ಒಬ್ಬರು ಶಿಕ್ಷಕರು, ಕೊನೆಯಲ್ಲಿ ಇನ್ನೊಬ್ಬರು ಇರುತ್ತಾರೆ. ಆ ಹಾದಿಯಲ್ಲಿ ಸೈಕಲ್‌ಗಳೂ ಓಡಾಡುವುದರಿಂದ ಮಕ್ಕಳು ಬಲಬದಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯುತ್ತಾರೆ. ಮುಟ್ಟಿದರೆ ಮೈ ತುರಿಸುವ, ಮೂರು ಮೂರು ಎಲೆಯ ಪಾಯ್ಸನ್ ಓಕ್ ಗಿಡ ತಾಗದಂತೆ ಪೂರ್ಣ ಪ್ಯಾಂಟ್ ಹಾಕಿಸಿ. ಚಪ್ಪಲಿ ಬೇಡ, ಬೂಟು ಇರಲಿ.

ಸಹಿ ಹಾಕಿದ ಒಪ್ಪಿಗೆ ಪತ್ರದ ಜೊತೆ ಮಗುವಿನ ಆರೋಗ್ಯ ವಿಮೆಯ ಕಾರ್ಡಿನ ಎರಡೂ ಬದಿಯ ಪ್ರತಿ, ಅಲರ್ಜಿಯ ವಿವರ ಮತ್ತು ಅಂದು ಕರೆ ಸ್ವೀಕರಿಸಬಲ್ಲ ಇಬ್ಬರ ಫೋನ್ ಸಂಖ್ಯೆಯನ್ನು ನಡಿಗೆಗೆ ಮುಂಚಿನ ವಾರದ ತರಗತಿಯಲ್ಲಿ ತರಗತಿ ಶಿಕ್ಷಕರ ಕೈಗೆ ಕೊಡಿ. ಇವಿಲ್ಲದ ಮಗುವನ್ನು ಕರೆದೊಯ್ಯಲು ಆಗುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ