ಎರಡು ಮಾತ್ರೆಗೂ ಫಿಟ್ಸ್ ನಿಲ್ಲದಿದ್ದರೆ ಮುಂದೇನು?

ಸಂಪಾದಕರೇ,

ತೀರ್ಥಹಳ್ಳಿ ಹತ್ತಿರ ನಂದೊಂದು ಮೆಡಿಕಲ್ ಶಾಪ್ ಇದೆ. ಫಿಟ್ಸ್ ಮಾತ್ರೆ ಒಯ್ಯುವವರಲ್ಲಿ ಹೆಚ್ಚಿನವರಿಗೆ ಅದು ಹಿಡಿಯುತ್ತದೆ. ಸರಿಯಾಗಿ ಚಿಕಿತ್ಸೆ ಸಿಕ್ಕಿದರೆ ನೂರಕ್ಕೆ 70 ಜನಕ್ಕೆ ಫಿಟ್ಸ್ ನಿಲ್ಲಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನನ್ನ ತಕರಾರು ಉಳಿದವರ ಬಗ್ಗೆ. ಒಂದು ಮಾತ್ರೆ, ಆಮೇಲೆ ಇನ್ನೊಂದು, ಆಮೇಲೆ ಎರಡರ ಜೊತೆ ಮೂರನೆಯದು, ಹೀಗೆ ವರ್ಷಗಟ್ಟಲೆ ಚೀಟಿ ಬದಲಾಗುತ್ತಾ ಹೋಗುತ್ತದೆ, ಆದರೆ ಈ ಫಿಟ್ಸ್ ಮೆದುಳಿನ ಯಾವ ಜಾಗದಿಂದ ಹುಟ್ಟುತ್ತಿದೆ ಅಂತ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ.

ಸರಿಯಾಗಿ ಆರಿಸಿದ ಎರಡು ಔಷಧಿ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆರೋಗ. ಮೂರ್ಛೆರೋಗ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಇಂಟರ್‌ನ್ಯಾಷನಲ್ ಲೀಗ್ ಅಗೇನ್‌ಸ್ಟ್ ಎಪಿಲೆಪ್ಸಿ 2010ರಲ್ಲೇ ಈ ಗೆರೆ ಎಳೆದಿದೆ. ಅಂಥವರಿಗೆ ವಿಡಿಯೋ ಇಇಜಿ (ರೋಗಿಯ ವಿಡಿಯೋ ಜೊತೆಗೇ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ), ಎಂಆರ್‌ಐ ಆಗಬೇಕು. ಅದರಲ್ಲೂ ಜಾಗ ಸಿಗದಿದ್ದರೆ ನ್ಯೂಕ್ಲಿಯರ್ ಸ್ಕ್ಯಾನ್.

ನ್ಯೂಕ್ಲಿಯರ್ ಅಂದ ಕೂಡಲೇ ನಮ್ಮ ಕಡೆಯವರಿಗೆ ಕೈಗಾ ನೆನಪಾಗುತ್ತದೆ! ಇದು ಹಾಗಲ್ಲ. ಇದರಲ್ಲಿ ಒಂದು ಬಗೆ ಪೆಟ್ ಸ್ಕ್ಯಾನ್, ಅದರಲ್ಲಿ ಸಕ್ಕರೆಯಂಥ ವಸ್ತುವಿಗೆ ಫ್ಲೋರಿನ್-18 ಅನ್ನುವ ವಿಕಿರಣ ವಸ್ತು ಜೋಡಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಅದರ ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಫಿಟ್ಸ್ ಹುಟ್ಟುವ ಜಾಗ ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಸಾಮಾನ್ಯವಾಗಿ ಮಂಕಾಗಿರುತ್ತದೆ, ಸಕ್ಕರೆ ಕಡಿಮೆ ಎಳೆದುಕೊಳ್ಳುತ್ತದೆ, ಹಾಗಾಗಿ ಎಂಆರ್‌ಐ ನಾರ್ಮಲ್ ಬಂದವರಲ್ಲೂ ಕೆಲವೊಮ್ಮೆ ಇಲ್ಲಿ ಸುಳಿವು ಸಿಗುತ್ತದೆ. ಸ್ಪೆಕ್ಟ್ ಅನ್ನುವ ಇನ್ನೊಂದು ನ್ಯೂಕ್ಲಿಯರ್ ಸ್ಕ್ಯಾನ್ ಇನ್ನೂ ಸೋಜಿಗದ್ದು. ಫಿಟ್ಸ್ ಶುರುವಾದ ಕೆಲವೇ ಸೆಕೆಂಡಿನಲ್ಲಿ ಇಂಜೆಕ್ಷನ್ ಕೊಡಬೇಕು. ರಕ್ತ ಜಾಸ್ತಿ ಹರಿದ ಕಡೆ ಆ ಇಂಜೆಕ್ಷನ್ನಿನಲ್ಲಿರುವ ಟೆಕ್ನೀಷಿಯಂ ಅನ್ನುವ ವಿಕಿರಣ ವಸ್ತು ಕೆಸರಿನ ಹೆಜ್ಜೆಗುರುತಿನ ಹಾಗೆ ಉಳಿದುಬಿಡುತ್ತದೆ, ಸ್ಕ್ಯಾನ್ ಒಂದೆರಡು ಗಂಟೆ ಬಿಟ್ಟು ಮಾಡಿದರೂ ಬರುವುದು ಫಿಟ್ಸ್ ಹೊತ್ತಿನ ಚಿತ್ರವೇ. ಇದಕ್ಕೆ ರೋಗಿಯನ್ನು ಅಡ್ಮಿಟ್ ಮಾಡಿಕೊಂಡು, ಪಕ್ಕದಲ್ಲೇ ನರ್ಸ್ ಸಿರಿಂಜ್ ಇಟ್ಟುಕೊಂಡು ಕಾಯಬೇಕು.

ಇಂಥ ಯಂತ್ರ ನಮ್ಮ ತಾಲ್ಲೂಕಿಗೂ ತನ್ನಿ ಅಂತ ನಾನು ಕೇಳುತ್ತಿಲ್ಲ. ಸ್ಕ್ಯಾನ್ ಒಂದೇ ಇದ್ದು ಏನು ಮಾಡುವುದು? ಅದನ್ನು ನೋಡಿ ಫಿಟ್ಸ್ ಹುಟ್ಟುವ ಆ ಜಾಗಕ್ಕೆ ಆಪರೇಷನ್ ಆಗುತ್ತದೋ ಇಲ್ಲವೋ ಅಂತ ಹೇಳುವ ತಂಡವೂ ಬೇಕಲ್ವಾ. ಸಾಲ ಮಾಡಿ ಸುಮ್ನೆ ಸ್ಕ್ಯಾನ್ ಮಾಡಿಸಿಕೊಂಡು ಬಂದು ಕವರ್ ಬೀರುವಿನಲ್ಲಿ ಇಟ್ಟವರಿದ್ದಾರೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯಕ್ಕೆ ಅಂತಲೇ ಯೋಜನೆ ಮಾಡಿದೆ. ಅದರಲ್ಲಿ ಇಷ್ಟು ಸೇರಿಸಲಿ: ಎರಡು ಔಷಧಿ ಸೋತ ರೋಗಿಗೆ ತಾಲ್ಲೂಕು ಆಸ್ಪತ್ರೆಯಿಂದಲೇ ರೆಫರಲ್ ಚೀಟಿ, ಹಳೆಯ ಔಷಧಿಗಳ ಪಟ್ಟಿ, ಜೊತೆಗೆ ಹೋಗುವ ಒಬ್ಬರಿಗೂ ಸೇರಿಸಿ ಬಸ್ ಖರ್ಚು. ಫಿಟ್ಸ್ ಬಂದಾಗ ಮನೆಯವರು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ವೈದ್ಯರಿಗೆ ಬಹಳ ಅನುಕೂಲ, ಇದನ್ನೂ ಆಶಾ ಕಾರ್ಯಕರ್ತೆಯರು ಹೇಳಲಿ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು ಇನ್ನೂ ನಿಂತಿಲ್ಲ.

ಹೊರಡುವ ಮೊದಲು ಏನು ಮಾಡಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಕೊಟ್ಟರೂ ಉಪಕಾರ. ಪೆಟ್ ಸ್ಕ್ಯಾನಿಗೆ ನಾಲ್ಕಾರು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ಹೋಗಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಸಕ್ಕರೆ ಹಾಕಿದ ಕಾಫಿ ಕುಡಿದರೆ ಆ ದಿನದ ಸ್ಕ್ಯಾನ್ ಮುಂದಕ್ಕೆ ಹೋಗಬಹುದು. ಫಿಟ್ಸ್ ಮಾತ್ರೆಯನ್ನು ಮಾತ್ರ ವೈದ್ಯರು ಹೇಳದೆ ಬಿಡಬಾರದು.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು